ಪುಟ ಹನ್ನೊಂದರ ವಿಳಾಸ

ಕೈಗಡಿಯಾರ ರಿಪೇರಿಯ ಜಮಾಲ್ ಸಾಬ್ ಆ ಶನಿವಾರ ಅಂಗಡಿಗೆ ಅರ್ಧ ಬಾಗಿಲು ಎಳೆದು ವಿದ್ಯಾನಗರಕ್ಕೆ ಬಂದದ್ದು ಜಗಳ ಮಾಡುವುದಕ್ಕೇ. ಕಂಪ್ಯೂಟರ್ ಕೇಂದ್ರದ ಮೆಟ್ಟಿಲು ಹತ್ತಿದವರು ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದರು.

"ಕುಬೇರಪ್ಪಾರೆ, ಇದೇನ್ರಿ ನಿಮ್ಮ ಪೆಟ್ಟಿಗೆ? ನಮ್ಮ ತಮ್ಮ ದುಬೈಲಿಂದ ಮೂರು ಸಲ ಬರೆದಾನಂತೆ, ಮೂರೂ ವಾಪಸ್. ಜಾಗ ಇಲ್ಲ ಅಂತ ಬರ್ತೈತಂತೆ. ಊರ ಪೆಟ್ಟಿಗೆ ಅಂದ ಮ್ಯಾಲೆ ತಿಂಗಳಿಗೊಂದ್ಸಲನಾದ್ರೂ ಹಳೇದು ತೆಗೆದು ಬಳೀಬ್ಯಾಡ್ವೇನ್ರಿ?"

"ಯಾವ ಊರ ಪೆಟ್ಟಿಗೆ ಸಾಬ್ರೆ?" ಎಂದರು ಕುಬೇರಪ್ಪ. ಅವರು ಕನ್ನಡಕ ಹಣೆಗೇರಿಸಿಕೊಂಡು ಕೈಪಿಡಿಯ ಎರಡನೇ ಮುದ್ರಣದ ಕರಡು ತಿದ್ದುತ್ತಿದ್ದರು.

ಜಮಾಲ್ ಸಾಬ್ ಜುಬ್ಬಾದ ಜೇಬಿನಿಂದ ಅದೇ ಕೈಪಿಡಿಯನ್ನು ತೆಗೆದರು. ನಾಲ್ಕಾಗಿ ಮಡಿಸಿ ಮಡಿಸಿ ಅದರ ಬೆನ್ನು ಹರಿದಿತ್ತು. ಹನ್ನೊಂದನೇ ಪುಟ ಬಿಚ್ಚಿ ಬೆರಳಿಟ್ಟರು.

"ಇದು. ನೀವೇ ಅಚ್ಚು ಹಾಕಿಸಿದ್ದು. ದಾವಣಗೆರೆ ವಿಳಾಸ."

ಕುಬೇರಪ್ಪ ಆ ಪುಟವನ್ನು ನೋಡಬೇಕಾಗಿರಲಿಲ್ಲ. ಅದನ್ನು ಬರೆದವರು ಅವರೇ.

ಮೂವತ್ತನಾಲ್ಕು ವರ್ಷ ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು ಕುಬೇರಪ್ಪ. ಮೊದಲು ಕಾಗದ ವಿಂಗಡಿಸುವ ಕೆಲಸ, ಆಮೇಲೆ ಕೌಂಟರು. ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಒಂದು ವರ್ಷ ಪೇಪರು ಓದುತ್ತ ಕೂತರು. ಬೇಸರ ಹತ್ತಿದಾಗ ವಿದ್ಯಾನಗರದ ಈ ಕೇಂದ್ರಕ್ಕೆ ಬಂದು ಕಂಪ್ಯೂಟರ್ ಕಲಿತರು. ಕಲಿಸಿದವಳು ಸ್ನೇಹಾ, ಇಪ್ಪತ್ತಮೂರು ವರ್ಷದ ಶಿಕ್ಷಕಿ. ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ ನಾಗಭೂಷಣ್ ಆಗಾಗ ಬಂದು ಹೋಗುತ್ತಿದ್ದ. ಇಂಟರ್‌ನೆಟ್ ಎಂದರೆ ಏನು, ಅದರಲ್ಲಿ ಕಾಗದ ಕಳಿಸುವುದು ಹೇಗೆ ಎಂದು ಕೇಳಿಕೊಂಡು ದಿನಕ್ಕೆ ನಾಲ್ಕೈದು ಜನ ಬರುತ್ತಿದ್ದರು. ಕನ್ನಡದಲ್ಲಿ ಓದಲಿಕ್ಕೆ ಒಂದು ಹಾಳೆಯೂ ಇರಲಿಲ್ಲ. ಮೂವರೂ ಸೇರಿ ಒಂದು ಬಳಗ ಕಟ್ಟಿಕೊಂಡರು. ಮೂವತ್ತಾರು ಪುಟದ ಕೈಪಿಡಿ ಬರೆದು, ಐನೂರು ಪ್ರತಿ ಅಚ್ಚು ಹಾಕಿಸಿ, ೧೯೯೯ರ ಯುಗಾದಿಯ ಹೊತ್ತಿಗೆ ಪುಕ್ಕಟೆ ಹಂಚಲು ಶುರು ಮಾಡಿದರು. ಭಾನುವಾರಗಳಂದು ಹರಿಹರ, ಲೋಕಿಕೆರೆ ಎಂದು ತಿರುಗಿ ಪ್ರಾತ್ಯಕ್ಷಿಕೆ ಕೊಟ್ಟರು.

'ಇ-ಮೇಲ್ ವಿಳಾಸ ಪಡೆಯುವುದು' ಎಂಬ ಅಧ್ಯಾಯ ಕುಬೇರಪ್ಪನವರ ಪಾಲಿಗೆ ಬಂದಿತ್ತು. ಅಂಚೆ ಕಚೇರಿಯ ಗೋಡೆಗೆ ಭರ್ತಿ ಮಾಡಿದ ಮನಿಯಾರ್ಡರ್ ಫಾರಂ ಅಂಟಿಸಿರುತ್ತಾರಲ್ಲ, ಅದೇ ಕ್ರಮದಲ್ಲಿ ಅವರು ಇಡೀ ಅರ್ಜಿಯನ್ನು ಭರ್ತಿ ಮಾಡಿ ತೋರಿಸಿದರು. ಪುಟದ ನೆತ್ತಿಯಲ್ಲಿ 'ಮಾದರಿ' ಎಂದು ಬರೆದರು. ಹೆಸರಿನ ಜಾಗದಲ್ಲಿ ಊರಿನ ಹೆಸರು, ಅದಕ್ಕೆ ಅಂಟಿಕೊಂಡು ಇಸವಿ. ಪಾಸ್‌ವರ್ಡಿನ ಜಾಗದಲ್ಲಿ ತುಂಗಭದ್ರಾ.

ನಾಗಭೂಷಣ್ ಆಗಲೇ ತಕರಾರು ತೆಗೆದಿದ್ದ. "ಪಾಸ್‌ವರ್ಡ್ ಜಾಗ ಖಾಲಿ ಬಿಡೋಣ ಸರ್."

"ಖಾಲಿ ಬಿಟ್ರೆ ಜನನೂ ಖಾಲಿ ಬಿಡ್ತಾರೆ."

"ಹಂಗಾದ್ರೆ ನಾಲ್ಕು ಇಂಟು ಹಾಕ್ರಿ."

"ಹಾಕಿದ್ರೆ ಅವರೂ ನಾಲ್ಕು ಇಂಟೇ ಹಾಕ್ತಾರೆ. ನೀನು ಕೌಂಟರಿನಾಗೆ ಕೂತಿಲ್ಲಪ್ಪ. ನಾನು ಕೂತೀನಿ."

ಸ್ನೇಹಾ ನಕ್ಕಿದ್ದಳು. ಕುಬೇರಪ್ಪ ಹೇಳಿದ್ದೇ ನಡೆಯಿತು. ಅಚ್ಚಾಗಿರುವ ವಿಳಾಸ ನಿಜವಾಗಿಯೂ ಕೆಲಸ ಮಾಡಬೇಕು, ಸುಳ್ಳು ವಿಳಾಸ ಅಚ್ಚು ಹಾಕಬಾರದು ಎಂದು ಅವರು ಅದೇ ಹೆಸರಿನಲ್ಲಿ ಒಂದು ಪೆಟ್ಟಿಗೆಯನ್ನೂ ತೆರೆದಿಟ್ಟರು. ಪ್ರಾತ್ಯಕ್ಷಿಕೆಯ ದಿನ ಬಿಟ್ಟರೆ ಅದನ್ನು ಮುಟ್ಟುವ ಕೆಲಸವೇ ಇರಲಿಲ್ಲ.

"ಇದು ಬರೇ ಮಾದರಿ ಸಾಬ್ರೆ," ಎಂದರು ಈಗ. "ನಿಮ್ಮದು ನೀವು ಬೇರೆ ಮಾಡ್ಕಬೇಕು."

"ಯಾಕ ಬೇರೆ? ಅಂಚೆ ಪೆಟ್ಟಿಗೆ ಓಣಿಗೊಂದು ಇರ್ತೈತಾ, ಮನೆಗೊಂದು ಇರ್ತೈತಾ?" ಜಮಾಲ್ ಸಾಬ್ ಕುರ್ಚಿ ಎಳೆದುಕೊಂಡು ಕೂತರು. "ಬೀಗದಕೈನೂ ನೀವೇ ಅಚ್ಚು ಹಾಕಿಸೀರಿ. ನಾವು ಅಂಗಡಿಯೋರು ನಾಲ್ಕು ಜನ ಪ್ಯಾಟೆ ಇಂಟರ್‌ನೆಟ್ ಅಂಗಡೀಗೆ ಹೋಗ್ತೀವಿ, ತೆಗಿತೀವಿ, ನಮ್ಮ ನಮ್ಮದು ಓದ್ಕಂತೀವಿ, ಮುಚ್ಚಿ ಬರ್ತೀವಿ. ಬ್ಯಾರೇರ ಕಾಗದ ಮುಟ್ಟಲ್ಲ. ಕಸಂ."

ಸ್ನೇಹಾ ಕುಬೇರಪ್ಪನವರ ಮುಖ ನೋಡಿದಳು. ಲೋಕಿಕೆರೆಯಂಥ ಹಳ್ಳಿಗಳ ಕಾಗದಗಳನ್ನು ಅವರು ವರ್ಷಗಟ್ಟಲೆ ವಿಂಗಡಿಸಿದ್ದರು. ಕೇರಾಫ್ ಕಿರಾಣಿ ಅಂಗಡಿ, ಕೇರಾಫ್ ಹಿಟ್ಟಿನ ಗಿರಣಿ. ಅರ್ಧ ಊರಿನ ಕಾಗದ ಒಂದೇ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಬಂದವರು ತಮ್ಮದನ್ನು ಹುಡುಕಿಕೊಂಡು ಹೋಗುತ್ತಿದ್ದರು, ಪಕ್ಕದ ಮನೆಯವರದ್ದನ್ನು ಒಯ್ದು ಮುಟ್ಟಿಸುತ್ತಿದ್ದರು. ಅಂಥ ಜನಕ್ಕೆ ಒಂದು ವಿಳಾಸ ಅಚ್ಚು ಹಾಕಿಸಿ ಕೊಟ್ಟರೆ ಏನಾಗುತ್ತದೆ ಎಂದು ಅವರಿಗೆ ಹೊಳೆಯಬೇಕಿತ್ತು.

ಮೋಡೆಮ್ ನಾಲ್ಕು ಸಲ ಕಿರುಗುಟ್ಟಿದ ಮೇಲೆ ಸಂಪರ್ಕ ಸಿಕ್ಕಿತು. ಪೆಟ್ಟಿಗೆಯಲ್ಲಿ ನಲವತ್ತಮೂರು ಕಾಗದಗಳಿದ್ದವು. ಎರಡು ಎಂ.ಬಿ. ಜಾಗದ ಮುಕ್ಕಾಲು ಪಾಲು ಜಮಾಲ್ ಸಾಬರ ತಮ್ಮ ಕಳಿಸಿದ ಮದುವೆಯ ಫೋಟೊಗಳೇ ತಿಂದಿದ್ದವು.

"ಆಗಸ್ಟಿನಾಗೂ ಹಿಂಗೇ ತುಂಬಿತ್ರಿ," ಎಂದರು ಜಮಾಲ್ ಸಾಬ್. "ಒಂದಿನ ಹೋಗಿ ನೋಡ್ತೀನಿ, ಎಲ್ಲ ಸಾಫ್. ಪರವಾಗಿಲ್ಲಪ್ಪ, ಬಳಿಯೋರು ಅದಾರೆ ಅಂತ ಖುಷಿ ಆದೆ."

ಮೌಸಿನ ಮೇಲಿದ್ದ ಕುಬೇರಪ್ಪನವರ ಕೈ ನಿಂತಿತು.

ಆಗಸ್ಟ್ ಹದಿನಾಲ್ಕು. ಮಾರನೇ ದಿನ ಸ್ವಾತಂತ್ರ್ಯ ದಿನದ ಧ್ವಜವಂದನೆ ಮುಗಿದ ಮೇಲೆ ಎಂಬತ್ತು ಜನ ಶಿಕ್ಷಕರ ಮುಂದೆ ಪ್ರಾತ್ಯಕ್ಷಿಕೆ ಇತ್ತು. ಪರದೆಯ ಮೇಲೆ ಪೆಟ್ಟಿಗೆ ಸ್ವಚ್ಛವಾಗಿ ಕಾಣಬೇಕೆಂದು ಅವರು ಒಳಹೊಕ್ಕರು. ಅರವತ್ತೊಂದು ಕಾಗದ ಎಂದು ತೋರಿಸಿತು. "ಸರ್, ಒಂದ್ಸಲ ನೋಡ್ತೀರಾ?" ಎಂದು ಸ್ನೇಹಾ ಕೇಳಿದ್ದಳು. "ಮಾದರಿಗೆ ಯಾರಮ್ಮ ಕಾಗದ ಬರೀತಾರೆ? ಎಲ್ಲ ಜಾಹೀರಾತಿನ ಕಸ," ಎಂದಿದ್ದರು. ಮೇಲಿನ ಒಂದು ಚೌಕಕ್ಕೆ ಗುರುತು ಹಾಕಿದರೆ ಇಡೀ ಪುಟಕ್ಕೆ ಗುರುತು ಬೀಳುತ್ತಿತ್ತು. ಅಂಥ ಪುಟ ನಾಲ್ಕಿದ್ದವು. ಆ ಕೆಲಸಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ವಿಳಾಸ ಸಿಗದ ಕಾಗದವನ್ನು ಮೂರು ಬೀದಿ ತಿರುಗಿಸಿ, ಪೋಸ್ಟ್‌ಮ್ಯಾನ್‌ಗಳನ್ನೆಲ್ಲ ಕೇಳಿ, ಆಮೇಲಷ್ಟೇ ಬೆಂಗಳೂರಿಗೆ ಹಿಂದಿರುಗಿಸುತ್ತಿದ್ದ ಮನುಷ್ಯ ಅವರು. ಸೇವೆಯ ಮೂವತ್ತನಾಲ್ಕು ವರ್ಷಗಳಲ್ಲಿ ಒಂದು ಕಾರ್ಡನ್ನೂ ಹರಿದು ಎಸೆದವರಲ್ಲ.

ಜಮಾಲ್ ಸಾಬ್ ಹೋದ ಮೇಲೆ ಅವರು ನಲವತ್ತಮೂರನ್ನೂ ಒಂದೊಂದಾಗಿ ತೆರೆದರು. ಹೆಚ್ಚಿನವು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಮಗಳು ಹಡೆದ ಸುದ್ದಿ, ಪರೀಕ್ಷೆಯ ಫಲಿತಾಂಶ, ಒಂದು ಮದುವೆಯ ಕರೆಯೋಲೆ. ಇಪ್ಪತ್ತಾರನೆಯದು ಆಗಸ್ಟ್ ಇಪ್ಪತ್ತೊಂಬತ್ತರದ್ದು. ಕಳಿಸಿದ ಹೆಸರು ಯಾವುದೋ ಮಲಯಾಳಿಯದ್ದು, ಸೌದಿಯ ಒಂದು ಕಟ್ಟಡ ಕಂಪನಿಯ ಉಗ್ರಾಣದವನು. ಕಾಗದ ಮಾತ್ರ ಕನ್ನಡದ್ದು.

"ಶ್ರೀ ಕಲ್ಲಪ್ಪನವರಿಗೆ, ರೈಲ್ವೆ ಗೇಟಿನ ಆಚೆ, ನೀರಿನ ಟ್ಯಾಂಕಿನ ಹಿಂದೆ, ಹರಿಹರ. ನೋಡಿದವರು ದಯವಿಟ್ಟು ಮುಟ್ಟಿಸಬೇಕು.

"ಅಪ್ಪಾ, ತಿಪ್ಪೇಶ ಮಾಡುವ ನಮಸ್ಕಾರ. ಎರಡನೇ ತಾರೀಕು ಒಂದು, ಹತ್ತನೇ ತಾರೀಕು ಒಂದು ಕಾಗದ ಬರೆದೆ. ಮುಟ್ಟಿದವೋ ಇಲ್ಲವೋ. ಅಂಚೆಗೆ ಹಾಕಿದ್ದು ಇಲ್ಲಿಂದ ಹೊರಗೇ ಹೋಗುವುದಿಲ್ಲ. ಉಗ್ರಾಣದ ಅಣ್ಣ ಇದರಲ್ಲಿ ಬರೆಯಲು ಬಿಡುತ್ತಾನೆ. ಕಂಪನಿ ಮುಚ್ಚಿ ಎರಡು ತಿಂಗಳಾಯಿತು. ಪಾಸ್‌ಪೋರ್ಟ್ ಮಾಲೀಕನ ಹತ್ತಿರ ಇದೆ, ಅವನು ಬರುತ್ತಿಲ್ಲ. ನೀರಿನ ಲಾರಿ ವಾರಕ್ಕೊಮ್ಮೆ ಬರುತ್ತದೆ. ಸೆಪ್ಟೆಂಬರ್ ಐದಕ್ಕೆ ಅಧಿಕಾರಿಗಳು ಬಂದು ಊರಿಗೆ ಕಳಿಸುವವರ ಹೆಸರು ಬರೆದುಕೊಳ್ಳುತ್ತಾರಂತೆ. ಪಾಸ್‌ಪೋರ್ಟಿನ ಜೆರಾಕ್ಸ್ ತೋರಿಸಿದವರದ್ದು ಮಾತ್ರ. ನನ್ನದು ಟ್ರಂಕಿನಲ್ಲಿ ಐಟಿಐ ಸರ್ಟಿಫಿಕೇಟಿನ ಜೊತೆ ಇದೆ. ಕೆಳಗಿನ ನಂಬರಿಗೆ ಫ್ಯಾಕ್ಸ್ ಮಾಡಿಸು. ಹನ್ನೊಂದು ಜನ ಹೀಗೇ ತರಿಸಿಕೊಂಡರು. ಉಳಿದವರು ನಾವು ಮೂವರು. ಅವ್ವನಿಗೆ ನೀರಿನ ವಿಷಯ ಹೇಳಬೇಡ."

ಕುಬೇರಪ್ಪ ಗೋಡೆಯ ಕ್ಯಾಲೆಂಡರ್ ನೋಡಿದರು. ಅಂದು ಸೆಪ್ಟೆಂಬರ್ ಹದಿನೆಂಟು.

ಸ್ನೇಹಾ ಅವರ ಹೆಗಲ ಹಿಂದೆ ನಿಂತು ಓದಿದ್ದಳು. "ಎರಡು ಮತ್ತೆ ಹತ್ತು," ಎಂದಳು ಮೆಲ್ಲಗೆ. "ಅವೆರಡೂ ಆ ದಿನ ಅದರಾಗೆ ಇದ್ವು ಸರ್."

"ಗೊತ್ತಮ್ಮ," ಎಂದರು ಕುಬೇರಪ್ಪ.

ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹರಿಹರಕ್ಕೆ ಹೋದರು. ಮತದಾನ ಮುಗಿದು ಎಣಿಕೆಗೆ ಕಾಯುತ್ತಿದ್ದ ದಿನಗಳು. ಗೋಡೆಗಳ ಮೇಲೆ ಚುನಾವಣೆಯ ಪೋಸ್ಟರುಗಳು ಹಾಗೇ ಇದ್ದವು. ನೀರಿನ ಟ್ಯಾಂಕಿನ ಹಿಂದಿನ ಮನೆಯನ್ನು ಹುಡುಕುವುದು ಅವರಿಗೆ ಕಷ್ಟವಾಗಲಿಲ್ಲ. ಕಲ್ಲಪ್ಪ ಬಾಗಿಲಲ್ಲೇ ಕೂತು ಹಲ್ಲುಜ್ಜುತ್ತಿದ್ದ. ಲೇತ್ ಶೆಡ್ಡಿನಲ್ಲಿ ದುಡಿಯುವವನು. ಕೈಬೆರಳ ಸಂದಿಯ ಕಪ್ಪು ಸೋಪಿಗೆ ಹೋಗುವಂಥದ್ದಾಗಿರಲಿಲ್ಲ. ಏಪ್ರಿಲಿನ ಪ್ರಾತ್ಯಕ್ಷಿಕೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದವನು ಇವನೇ ಎಂದು ಕುಬೇರಪ್ಪನವರಿಗೆ ನೆನಪಾಯಿತು.

ಕಲ್ಲಪ್ಪ ಅವರನ್ನು ನೋಡುತ್ತಲೇ ಬಾಯಿ ಮುಕ್ಕಳಿಸಿ ಎದ್ದ. "ಪೋಸ್ಟಿನ ಯಜಮಾನ್ರು! ಬರ್ರಿ, ಬರ್ರಿ. ಏ ಇವಳೇ, ಕುರ್ಚಿ ತಗಂಬಾ. ಹುಡುಗಂದು ಕಾಗದ ಬಂದೈತೆ, ನೋಡು. ನಾನು ಹೇಳಿರ್ಲಿಲ್ಲೇನು? ಬಂದಾಗ ಅವರೇ ತರ್ತಾರೆ ಅಂತ."

ಉಡಚಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. "ಆರು ತಿಂಗಳಾತ್ರಿ ಅಣ್ಣಾರೆ. ಮೊದಲಾದ್ರೆ ಆ ಸೈಕಲ್ ಅಂಗಡಿ ಫೋನಿಗೆ ಮಾಡ್ತಿದ್ದ. ಅಂಗಡಿ ಮುಚ್ಚಿದ್ರು. ಇವರು ದಿನಾ ಅನ್ನೋರು, ತಂತಿ ಬಂದಂಗೆ ಬರ್ತೈತೆ, ಸುಮ್ನಿರು ಅಂತ."

ತಂತಿ. ಕಲ್ಲಪ್ಪ ಮಗನಿಗೆ ಪುಟ ಹನ್ನೊಂದರ ವಿಳಾಸವನ್ನು ಅಂಚೆಯಲ್ಲಿ ಬರೆಸಿ ಕಳಿಸಿ, ಶೆಡ್ಡಿಗೆ ಹೋಗಿ ಬಂದು ಮಾಡಿಕೊಂಡು ಕಾದಿದ್ದ. ಟೆಲಿಗ್ರಾಂ ಬಂದರೆ ಅಂಚೆಯವರು ಮನೆಗೆ ತಂದು ಕೊಡುತ್ತಾರೆ. ಇದು ಅದಕ್ಕಿಂತ ಜೋರಾದದ್ದು. ಅಂದಮೇಲೆ ಇದನ್ನೂ ಯಾರಾದರೂ ತಂದು ಕೊಟ್ಟೇ ಕೊಡುತ್ತಾರೆ.

ಕುಬೇರಪ್ಪ ಕುರ್ಚಿಯಲ್ಲಿ ಕೂತು, ಮುದ್ರಿಸಿಕೊಂಡು ಬಂದಿದ್ದ ಹಾಳೆ ಬಿಡಿಸಿ ಓದಿದರು. ನೀರಿನ ಲಾರಿಯ ಸಾಲನ್ನು ಬಿಟ್ಟು ಓದಿದರು. ಕೊನೆಯ ಸಾಲನ್ನೂ ಬಿಟ್ಟರು. ಐದನೇ ತಾರೀಕಿನ ಮಾತು ಬಂದಾಗ ಉಡಚಮ್ಮ ಒಳಗೆ ಹೋಗಿ ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಅವಳಿಗೆ ತಾರೀಕು ಬೇಕಿರಲಿಲ್ಲ, ಕೆಲಸ ಏನೆಂದು ಗೊತ್ತಾಗಿದ್ದರೆ ಸಾಕಿತ್ತು.

ಕಲ್ಲಪ್ಪ ಮಾತ್ರ ಕೂತಲ್ಲೇ ಲೆಕ್ಕ ಹಾಕುತ್ತಿದ್ದ. "ಐದು ಹೋಗಿ ಎಷ್ಟು ದಿನ ಆತ್ರಿ?"

"ಹದಿನಾಕು."

"ಅದಕ್ಕೂ ಹಿಂದೆ ಎಲ್ಡು ಬರೆದಾನಲ್ಲ. ಅವು ಎಲ್ಲಿ ಅದಾವೆ?"

ಬಸ್ಸಿನಲ್ಲಿ ಬರುವಾಗ ಕುಬೇರಪ್ಪ ಇದೇ ಪ್ರಶ್ನೆಗೆ ತಯಾರಾಗಿದ್ದರು. ನಿಜ ಹೇಳುವುದೆಂದು ತೀರ್ಮಾನಿಸಿಕೊಂಡೇ ಬಂದಿದ್ದರು.

"ಅದು ಪೆಟ್ಟಿಗೆ ತುಂಬಿದ್ರೆ ಹಳೇವು ತಾವೇ ಹೋಗಿಬಿಡ್ತಾವೆ ಕಲ್ಲಪ್ಪ," ಎಂದರು.

"ಹಂಗಾ," ಎಂದ ಕಲ್ಲಪ್ಪ. ನಂಬಿದ.

ಬಸ್ ನಿಲ್ದಾಣದ ಹತ್ತಿರದ ಎಸ್‌ಟಿಡಿ ಬೂತಿನಲ್ಲಿ ಫ್ಯಾಕ್ಸ್ ಯಂತ್ರ ಇತ್ತು. ಪಾಸ್‌ಪೋರ್ಟಿನ ಎರಡು ಪುಟದ ಜೆರಾಕ್ಸು. ಒಂದರಲ್ಲಿ ತಿಪ್ಪೇಶನ ಫೋಟೊ, ಎಣ್ಣೆ ಹಾಕಿ ಬಾಚಿದ ತಲೆ, ಬಿಗಿದ ತುಟಿ. ಮೊದಲ ಸಲ ಲೈನು ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು. ಯಂತ್ರ ಎರಡೂ ಹಾಳೆಗಳನ್ನು ಒಳಗೆಳೆದುಕೊಂಡು ಹೊರಗೆ ಬಿಟ್ಟಿತು. ಕುಬೇರಪ್ಪ ಗೋಡೆಯ ಗಡಿಯಾರ ನೋಡುತ್ತಿದ್ದರು. ಎಲ್ಲ ಸೇರಿ ನಾಲ್ಕು ನಿಮಿಷ.

ಬೂತಿನಿಂದ ಹೊರಗೆ ಬಂದ ಮೇಲೆ ನೀರಿನ ಲಾರಿಯ ಸಾಲನ್ನು ಕಲ್ಲಪ್ಪನಿಗೆ ಒಬ್ಬನಿಗೇ ಹೇಳಿದರು. ಕಲ್ಲಪ್ಪ ತಲೆ ಆಡಿಸಿದ. "ಅವ್ವಂಗೆ ಹೇಳಬ್ಯಾಡ ಅಂದಾನೆ ಅಲ್ವ? ಅಂದೇ ಅಂದಿರ್ತಾನೆ," ಎಂದ. ಟೀ ಕುಡಿಸದೆ ಬಸ್ಸು ಹತ್ತಿಸಲಿಲ್ಲ.

ಅಂದಿನಿಂದ ಕುಬೇರಪ್ಪ ದಿನಾ ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಪೆಟ್ಟಿಗೆ ನೋಡುತ್ತಿದ್ದರು. ಉಳಿದ ಕಾಗದಗಳನ್ನು ಮುದ್ರಿಸಿ, ಊರುವಾರು ಕಟ್ಟು ಕಟ್ಟಿ, ತಾವೇ ಸೈಕಲ್ಲಿನಲ್ಲೂ ಬಸ್ಸಿನಲ್ಲೂ ಒಯ್ದು ಮುಟ್ಟಿಸಿದರು. ಅವೆಲ್ಲ ಮುಟ್ಟಿದವು. ಆಗಸ್ಟಿನಲ್ಲಿ ಅಳಿಸಿದ ಅರವತ್ತೊಂದರಲ್ಲಿ ಎರಡು ಯಾರವೆಂದು ಗೊತ್ತಾಯಿತು. ಉಳಿದ ಐವತ್ತೊಂಬತ್ತು ಯಾರಿಗೆ ಬಂದಿದ್ದವು, ಅವುಗಳಲ್ಲಿ ಏನಿತ್ತು ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ಸೆಪ್ಟೆಂಬರ್ ಇಪ್ಪತ್ತೆಂಟರಂದು ಉಗ್ರಾಣದವನ ಉತ್ತರ ಬಂತು. ಇಂಗ್ಲಿಷಿನಲ್ಲಿ ಏಳು ಸಾಲು. ನಾಗಭೂಷಣ್ ಅದನ್ನು ಎರಡು ಸಲ ಓದಿ ಕನ್ನಡದಲ್ಲಿ ಹೇಳಿದ. ಐದನೇ ತಾರೀಕು ಅಧಿಕಾರಿಗಳು ಬಂದು ಹನ್ನೊಂದು ಜನರ ಹೆಸರು ಬರೆದುಕೊಂಡು, ಅವರನ್ನು ಜೊತೆಗೇ ಕರೆದೊಯ್ದರು. ಅದಾದ ಮೇಲೆ ನೀರಿನ ಲಾರಿ ಬರಲಿಲ್ಲ. ಏಳನೇ ತಾರೀಕು ಸಂಜೆ, ಉಳಿದ ಮೂವರು ಅರವತ್ತು ಕಿಲೋಮೀಟರ್ ಆಚೆಯ ಹೆದ್ದಾರಿಗೆ ನಡೆದು ಹೊರಟರು. ಒಂಬತ್ತನೇ ತಾರೀಕು ಲಾರಿಯವರ ಕಣ್ಣಿಗೆ ಬಿದ್ದರು. ಒಬ್ಬ ಬದುಕಿದ್ದ, ಪ್ರಜ್ಞೆ ಇರಲಿಲ್ಲ. ಇಬ್ಬರು ತೀರಿಕೊಂಡಿದ್ದರು. ಇಬ್ಬರ ಹತ್ತಿರವೂ ಕಾಗದಪತ್ರ ಇರಲಿಲ್ಲ, ಬಾಯಿಮಾತಿನ ಗುರುತನ್ನು ಅಲ್ಲಿ ಒಪ್ಪುವುದಿಲ್ಲವಾದ್ದರಿಂದ ಆಸ್ಪತ್ರೆಯ ಶವಾಗಾರದಲ್ಲಿ ಹೆಸರಿಲ್ಲದೆ ಇಟ್ಟಿದ್ದರು. ನಿಮ್ಮ ಫ್ಯಾಕ್ಸ್ ಬಂದ ಮೇಲೆ ಫೋಟೊ ತಾಳೆ ನೋಡಿ ಒಬ್ಬ ತಿಪ್ಪೇಶನೆಂದು ಗುರುತಿಸಿದ್ದಾರೆ. ಈಗ ಶವ ಕಳಿಸಬಹುದು.

ಕೆಳಗಿನ ರಸ್ತೆಯಲ್ಲಿ ಸಿಟಿ ಬಸ್ಸು ನಿಂತು ಕಾಲೇಜಿನ ಹುಡುಗರನ್ನು ಇಳಿಸಿತು.

"ನಾನು ಅವತ್ತು ಸುಳ್ಳು ಹೇಳಿ ಬಂದೆ," ಎಂದರು ಕುಬೇರಪ್ಪ. "ತಾವೇ ಅಳಿಸಿ ಹೋಗ್ತಾವೆ ಅಂದೆ. ಹೋಗಿ ನಿಜ ಹೇಳಬೇಕು."

ನಾಗಭೂಷಣ್ ತಲೆ ಎತ್ತಿದ. "ಹೇಳಿ ಏನ್ ಮಾಡ್ತೀರಿ ಸರ್? ಹುಡುಗ ಎದ್ದು ಬರ್ತಾನಾ? ಆ ಮನುಷ್ಯಂಗೆ ಇನ್ನೊಂದು ಸಂಕಟ ಕೊಟ್ಟಂಗೆ ಆಗ್ತೈತೆ. ಬೇಕಂತ ಮಾಡಿದ್ದಲ್ಲ. ಎರಡನೇ ಮುದ್ರಣದಾಗೆ ಆ ಪುಟ ತೆಗೀತೀವಿ. ಎರಡು ಸಾವಿರ ಪ್ರತಿ ಬರ್ತಾ ಐತೆ, ಈಗ ಬಳಗದ ಹೆಸರು ಕೆಟ್ರೆ ಯಾರು ಓದ್ತಾರೆ?"

"ನೀನೇನಂತೀಯಮ್ಮ?"

ಸ್ನೇಹಾ ಕಿಟಕಿಯ ಕಡೆ ನೋಡುತ್ತಿದ್ದಳು. "ನಾನಾಗಿ ಹೋಗಿ ಹೇಳಲ್ಲ ಸರ್. ಯಾರಾದ್ರೂ ಬಂದು ಕೇಳಿದ್ರೆ ಇಲ್ಲ ಅನ್ನಕ್ಕೂ ಆಗಲ್ಲ."

ಸಾವಿನ ಸುದ್ದಿ ಹೇಳಲು ಕುಬೇರಪ್ಪ ಒಬ್ಬರೇ ಹೋದರು. ಅಂದು ಆ ಮನೆಯಲ್ಲಿ ಬೇರೆ ಯಾವ ಮಾತೂ ಸಾಧ್ಯವಿರಲಿಲ್ಲ. ಆಮೇಲೆ ಮೂರು ವಾರ ಕಾಗದಪತ್ರದ ಓಡಾಟ. ವಾರಸುದಾರರ ಪ್ರಮಾಣಪತ್ರ, ಒಪ್ಪಿಗೆ ಪತ್ರ, ಇಂಗ್ಲಿಷಿನ ತರ್ಜುಮೆ, ಎಲ್ಲವನ್ನೂ ಕುಬೇರಪ್ಪ ಕೂತು ಭರ್ತಿ ಮಾಡಿದರು, ಕಲ್ಲಪ್ಪನ ಹೆಬ್ಬೆಟ್ಟು ಒತ್ತಿಸಿದರು, ಫ್ಯಾಕ್ಸ್ ಕಳಿಸಿದರು. ಅವರ ಅಕ್ಷರ ಮುತ್ತಿನಂತಿತ್ತು. ಒಂದೂ ಅರ್ಜಿ ತಿರುಗಿ ಬರಲಿಲ್ಲ. ಪ್ರತಿ ಸಲವೂ ಇವತ್ತು ಹೇಳಬೇಕು ಎಂದುಕೊಂಡು ಹೋಗುತ್ತಿದ್ದರು. ಪ್ರತಿ ಸಲವೂ, ಈ ಕೆಲಸ ಮುಗಿಯಲಿ, ಈಗ ಹೇಳಿದರೆ ಇವನು ನನ್ನನ್ನು ಹತ್ತಿರ ಬಿಡುವುದಿಲ್ಲ, ಅರ್ಜಿ ಬರೆಯುವವರಿಲ್ಲದೆ ಹೆಣ ಅಲ್ಲೇ ಉಳಿಯುತ್ತದೆ ಎಂದು ಸಮಾಧಾನ ಹೇಳಿಕೊಂಡು ಬರುತ್ತಿದ್ದರು. ಆ ಸಮಾಧಾನ ಪೂರ್ತಿ ಸುಳ್ಳೂ ಆಗಿರಲಿಲ್ಲ.

ಅಕ್ಟೋಬರ್ ಇಪ್ಪತ್ತೊಂದಕ್ಕೆ ಪೆಟ್ಟಿಗೆ ಮುಂಬೈಗೆ, ಅಲ್ಲಿಂದ ಬೆಂಗಳೂರಿಗೆ ಬಂತು. ಮಾರನೇ ದಿನ ವ್ಯಾನಿನಲ್ಲಿ ಹರಿಹರಕ್ಕೆ. ಬಿಚ್ಚಬಾರದೆಂದು ಮುಚ್ಚಳದ ಮೇಲೆ ಬರೆದಿತ್ತು. ಉಡಚಮ್ಮ ಮುಖ ತೋರಿಸಿ ಎಂದು ಹಲಗೆಗೆ ಹಣೆ ಚಚ್ಚಿಕೊಂಡಳು. ನೆಂಟರು ಹಿಡಿದೆಳೆದರು. ಬಿಚ್ಚದೆಯೇ ಮಣ್ಣು ಮಾಡಿದರು.

ಮೂರನೇ ದಿನ ಹಾಲು-ತುಪ್ಪ. ಕುಬೇರಪ್ಪನವರಿಗೆ ಕಲ್ಲಪ್ಪ ಹೇಳಿ ಕಳಿಸಿದ್ದ, ಬರಲೇಬೇಕೆಂದು. ಗುಂಡಿಯ ಮಣ್ಣಿನ ಮೇಲೆ ಹಾಲು ಬಿಟ್ಟು, ಎಡೆ ಇಟ್ಟು ಎಲ್ಲರೂ ಮನೆಗೆ ಬಂದರು. ಅಂಗಳಕ್ಕೆ ಶಾಮಿಯಾನ ಹಾಕಿ ಕೆಳಗೆ ಜಮಖಾನ ಹಾಸಿದ್ದರು. ನೆಂಟರೆಲ್ಲ ನೆಲದ ಮೇಲೆ, ಕುಬೇರಪ್ಪನವರಿಗೆ ಮಾತ್ರ ಕುರ್ಚಿ.

"ಇವರೇ ನೋಡ್ರಪ್ಪ," ಎಂದ ಕಲ್ಲಪ್ಪ ನೆಂಟರಿಗೆ. ಮೂರು ದಿನದಲ್ಲಿ ಅವನ ದನಿ ಒಡೆದು ಹೋಗಿತ್ತು. "ಪೋಸ್ಟಿನ ಯಜಮಾನ್ರು. ಯಾರಿಗೋ ಬಂದ ಕಾಗದ ಅಂತ ಸುಮ್ನಿರಲಿಲ್ಲ, ದಾವಣಗೆರೆಯಿಂದ ಮನೆ ಹುಡುಕ್ಕಂಡು ಬಂದು ಮುಟ್ಟಿಸಿದ್ರು. ಇವರು ಇಲ್ದಿದ್ರೆ ನನ್ನ ಮಗ ಮಣ್ಣಿಗೂ ಸಿಗ್ತಿರ್ಲಿಲ್ಲ."

ಮುದುಕರೊಬ್ಬರು ಕೂತಲ್ಲಿಂದಲೇ ಕೈ ಮುಗಿದರು. ಕುಬೇರಪ್ಪ ಕುರ್ಚಿಯಿಂದ ಎದ್ದರು.

"ಕಲ್ಲಪ್ಪ, ಹಿತ್ತಲಿಗೆ ಬಾ. ಒಂದು ಮಾತೈತೆ."

ಹಿತ್ತಲಲ್ಲಿ ಕಲ್ಲುಗಳ ಒಲೆ ಹೂಡಿ ಇಬ್ಬರು ಹೆಂಗಸರು ಅನ್ನ ಬಸಿಯುತ್ತಿದ್ದರು. ಅವರಿಂದ ದೂರ, ಬಚ್ಚಲ ಗೋಡೆಯ ಹತ್ತಿರ ನಿಂತು ಕುಬೇರಪ್ಪ ಹೇಳಿದರು. ತಾರೀಕುಗಳನ್ನು ಬಿಡದೆ ಹೇಳಿದರು. ಎರಡನೇ ತಾರೀಕಿನದ್ದೂ ಹತ್ತನೇ ತಾರೀಕಿನದ್ದೂ ತಾವಾಗಿ ಹೋಗಲಿಲ್ಲ. ಹದಿನಾಲ್ಕಕ್ಕೆ ಅವೆರಡೂ ನನ್ನ ಕಣ್ಣ ಮುಂದೆ ಇದ್ದವು. ನಾನೇ ಅಳಿಸಿದೆ. ಕಸ ಅಂದುಕೊಂಡೆ. ಆಮೇಲೆ ನಿನ್ನ ಹತ್ತಿರ ಸುಳ್ಳು ಹೇಳಿದೆ.

ಕಲ್ಲಪ್ಪ ಕೆಲಸದವನು. ಮಾತು ಪೂರ್ತಿ ಕೇಳಿಸಿಕೊಂಡು, ಅಳತೆ ಸರಿ ಇದೆಯೇ ಎಂದು ಮತ್ತೆ ನೋಡುವ ಅಭ್ಯಾಸ.

"ಹದಿನಾಕನೇ ತಾರೀಕು."

"ಹೂಂ."

"ಅವತ್ತಿಗೆ ಐದಕ್ಕೆ ಎಷ್ಟು ದಿನ ಇತ್ತು?"

"ಇಪ್ಪತ್ತೆರಡು."

"ಎಲ್ಡರಾಗೂ ಇದೇ ಬರೆದಿದ್ನಾ? ಜೆರಾಕ್ಸ್ ಕಳಿಸು ಅಂತ?"

"ಗೊತ್ತಿಲ್ಲ ಕಲ್ಲಪ್ಪ. ನಾನು ಓದಲಿಲ್ಲ."

"ಓದಲಿಲ್ಲ?"

"ತೆಗೀಲೇ ಇಲ್ಲ."

ಕಲ್ಲಪ್ಪ ಅವರ ಮುಖವನ್ನು ನೋಡಿದ. ಕೈ ಎತ್ತುತ್ತಾನೆಂದು ಕುಬೇರಪ್ಪ ಅಂದುಕೊಂಡರು. ಎತ್ತಿದ್ದರೆ ತಡೆಯುತ್ತಿರಲಿಲ್ಲ. ಅವನು ಬಚ್ಚಲ ಗೋಡೆಗೆ ಕೈ ಊರಿ ನಿಂತ, ಅಷ್ಟೆ.

"ನಂಗೆ ಆ ಅಕ್ಷರ ಬರಲ್ಲ," ಎಂದ. "ಮೂರನೇ ಕ್ಲಾಸಿಗೆ ಬಿಟ್ಟೋನು ನಾನು. ನಿಮಗೆ ಬರ್ತಿತ್ತಲ್ರಿ."

ಒಲೆಯ ಹತ್ತಿರದ ಹೆಂಗಸೊಬ್ಬಳು ಗಂಜಿ ಬಸಿದು, ಪಾತ್ರೆ ಎತ್ತಿಕೊಂಡು ಅವರ ಪಕ್ಕದಿಂದಲೇ ಒಳಗೆ ಹೋದಳು.

"ಅವಳಿಗೆ ಹೇಳಬ್ಯಾಡ್ರಿ," ಎಂದ ಕಲ್ಲಪ್ಪ. "ನಿಮಗೋಸ್ಕರ ಅಲ್ಲ. ಆ ಲೆಕ್ಕ ಅವಳಿಗೆ ಬ್ಯಾಡ. ಇಪ್ಪತ್ತೆಲ್ಡು ದಿನ ಇತ್ತು ಅಂತ ಗೊತ್ತಾದ್ರೆ ಅವಳು ಉಳಿಯಲ್ಲ."

"ಆಗಲಿ."

"ನಾನು ಇಟ್ಕಂತೀನಿ."

ಇಬ್ಬರೂ ಮನೆಯೊಳಗಿನಿಂದಲೇ ಹಾದು ಮುಂದೆ ಬಂದರು. ಅಂಗಳದಲ್ಲಿ ಪಂಕ್ತಿ ಕೂತಿತ್ತು. ಎಲೆಗಳಿಗೆ ನೀರು ಚಿಮುಕಿಸುತ್ತಿದ್ದರು. ಕುಬೇರಪ್ಪನವರ ಕುರ್ಚಿಯ ಮುಂದೆ ಒಂದು ಸ್ಟೂಲು ಇಟ್ಟು, ಅದರ ಮೇಲೆ ಅವರಿಗೆಂದೇ ಒಂದು ಎಲೆ ಹಾಕಿದ್ದರು. ಅವರು ಅದನ್ನು ದಾಟಿ ಅಂಗಳದ ತುದಿಗೆ ಹೋದರು.

ಒಳಕೋಣೆಯ ಗೋಡೆಗೆ ಒರಗಿದ್ದ ಉಡಚಮ್ಮನ ದನಿ ಕೇಳಿಸಿತು. "ಪೋಸ್ಟಿನ ಅಣ್ಣಾರು ಎಲ್ಲಿ ಹೊಂಟ್ರು? ಅವರು ಉಣ್ಣಲಿಲ್ಲ. ಕರ್ಕಂಬಾ."

"ಅವರು ಉಣ್ಣಲ್ಲ," ಎಂದ ಕಲ್ಲಪ್ಪ. "ಬಸ್ಸಿಗೆ ಹೊತ್ತಾತಂತೆ."

"ಅಯ್ಯ, ಬಸ್ಸು ಇನ್ನೊಂದು ಬರ್ತೈತೆ. ನನ್ನ ಮಗನ್ನ ತಂದು ಕೊಟ್ಟೋರು. ಹಸ್ಕಂಡು ಹೋಗಬಾರದು. ನಾನು ಹೇಳಿದೆ ಅನ್ನು."

ಕುಬೇರಪ್ಪ ಚಪ್ಪಲಿಗಳ ರಾಶಿಯಲ್ಲಿ ತಮ್ಮವನ್ನು ಹುಡುಕಿ ಮೆಟ್ಟಿಕೊಂಡರು. ತಿರುಗಿ ನೋಡಿದಾಗ ಉಡಚಮ್ಮ ತಾನೇ ಎದ್ದು ಬರುತ್ತಿರುವುದು ಕತ್ತಲೆಯ ಕೋಣೆಯಲ್ಲಿ ಮಸುಕಾಗಿ ಕಂಡಿತು. ಕಲ್ಲಪ್ಪ ಬಾಗಿಲಿಗೆ ಅಡ್ಡ ಬಂದು ಚೌಕಟ್ಟಿನ ಎರಡೂ ಬದಿಗೆ ಕೈ ಕೊಟ್ಟು ನಿಂತ. ಅವಳು ಎರಡು ಸಲ ಪಕ್ಕಕ್ಕೆ ಸರಿ ಎಂದಳು. ಅವನು ಸರಿಯಲಿಲ್ಲ.